ಕ್ರೇನು ಬರುವವರೆಗೆ

ಭೂಕಂಪವಾಗಿದ್ದ ಗಡಿಭಾಗದ ಹಳ್ಳಿಗೆ ಮಂಗಳೂರಿನ ಚರ್ಚಿನಿಂದ ಬಂದ ಪರಿಹಾರ ತಂಡದಲ್ಲಿ ಹಿಲ್ಡಾ ಕೂಡ ಇದ್ದಳು. ಕುಸಿದ ಮನೆಯೊಂದರ ಅಡಿಯಿಂದ ಹೆಂಗಸೊಬ್ಬಳ ದನಿ ಕೇಳುತ್ತಿತ್ತು. ಗುದ್ದಲಿ ಹಾಕಿದರೆ ಮೇಲಿನ ಗೋಡೆ ಪೂರ್ತಿ ಜರಿಯುವಂತಿತ್ತು.

"ಕ್ರೇನು ಬರುವವರೆಗೆ ಮಾತಾಡಿಸ್ತಾ ಇರು ಹಿಲ್ಡಾ, ಅವಳಿಗೆ ನಿದ್ದೆ ಹತ್ತಬಾರದು," ಎಂದರು ಫಾದರ್.

ಹಿಲ್ಡಾ ಕಲ್ಲಿನ ಸಂದಿಗೆ ಬಾಯಿಟ್ಟು ಮಲಗಿದಳು. ಹೆಸರು ಕೇಳಿದಳು, ಪ್ರಾರ್ಥನೆ ಹೇಳಿದಳು. ಬೇರೇನನ್ನೂ ಮಾಡಲು ಅವಳ ಕೈಲಾಗುತ್ತಿರಲಿಲ್ಲ.

"ಅಕ್ಕಾರ, ನನ್ನ ಮಗಳು ಭಾಗ್ಯಾ ಹೊರಗ ಬಂದಾಳೇನ್ರೀ? ಸಣ್ಣಾಕಿ ಅದಾಳ," ಎಂದಿತು ಒಳಗಿನ ದನಿ.

ಹಿಲ್ಡಾ ತಿರುಗಿ ನೋಡಿದಳು. ಆ ಮನೆಯಿಂದ ಯಾರೂ ಹೊರಬಂದಿಲ್ಲವೆಂದು ಊರವರು ತಲೆಯಾಡಿಸಿದರು. ಸುಳ್ಳು ಹೇಳುವುದು ಪಾಪವೆಂದು ಪ್ರತಿ ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವಳು ಮತ್ತೆ ಸಂದಿಗೆ ಬಾಯಿಟ್ಟಳು.

"ಬಂದಿದ್ದಾಳಕ್ಕ. ನಮ್ಮ ಕ್ಯಾಂಪಿನಲ್ಲಿ ಹಾಲು ಕುಡೀತಾ ಇದ್ದಾಳೆ. ನೀವು ಧೈರ್ಯದಲ್ಲಿರಿ."

ಒಳಗಿನವಳು ದೀರ್ಘವಾಗಿ ಉಸಿರುಬಿಟ್ಟಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ.

"ನಿಮ್ಮ ದೇವ್ರು ದೊಡ್ಡಾಂವ ನೋಡ್ರೀ ಅಕ್ಕಾರ. ಹಂಗಾರ, ಈ ಕತ್ತಲದಾಗ ನಾ ಹಿಡಕೊಂಡ ಮಲಗೀನಲ್ಲ, ಈ ತಣ್ಣಗಾದ ಸಣ್ಣ ಕೈ ಯಾರದ್ರೀ?"