ಬಳಕೆಯಾಗದ ಹೆಸರು

ಕಡಲು ಕಾರವಾರದ ಬೀದಿಗಳನ್ನು ನುಂಗಿದ ಮೇಲೆ ಜನ ತೇಲುವ ಕೇರಿಗಳಲ್ಲಿ ವಾಸವಾಗಿದ್ದರು. ಉಬ್ಬರ ಬಂದಾಗ ಬಾಗಿಲು ಮುಚ್ಚಿಕೊಂಡು ಕೇರಿಯೇ ನೀರೊಳಗೆ ಇಳಿಯುತ್ತಿತ್ತು. ಬಾಗಿಲಿಗೆ ಹೊಸ ಪ್ರೋಗ್ರಾಂ ಬರೆಯುವ ಸರದಿ ಆ ದಿನ ಸೇವಂತಿಯದು.

ಬರೆದು ಮುಗಿಸಿ, ತಪ್ಪು ಹುಡುಕುವ ಪರಿಶೀಲಕ ಯಂತ್ರಕ್ಕೆ ಕೊಟ್ಟಳು. ಅದು ಪ್ರೋಗ್ರಾಮನ್ನು ನಡೆಸುವುದಿಲ್ಲ, ಸುಮ್ಮನೆ ಓದುತ್ತದೆ. ಓದಿ ಒಂದೇ ಸಾಲು ತೋರಿಸಿತು: “‘ಹೊರಗಿರುವವರು’ ಎಂಬ ಪಟ್ಟಿಯ ಹೆಸರನ್ನು ತೆಗೆದುಕೊಂಡಿದ್ದೀರಿ, ಎಲ್ಲೂ ಬಳಸಿಲ್ಲ.”

“ಬರೀ ಎಚ್ಚರಿಕೆ ಅಲ್ವೇನೇ? ಆ ಹೆಸರು ಅಳಿಸಿಬಿಡು, ಉಬ್ಬರಕ್ಕೆ ಹೊತ್ತಾಯ್ತು,” ಎಂದಳು ಜೊತೆಗಾತಿ ನಾಗಿ.

“ತಡಿಯೇ. ಬೇಕು ಅಂತಲೇ ತಗೊಂಡಿದ್ದೆ. ಎಲ್ಲಿ ಹೋಯ್ತು ನೋಡ್ಬೇಕು.”

ಸೇವಂತಿ ಕುತೂಹಲದಿಂದ ಒಂದೊಂದೇ ಸಾಲು ಓದಿದಳು. ಏಳನೆಯದರಲ್ಲಿ ಸಿಕ್ಕಿತು. ಮುಚ್ಚುವ ಮುನ್ನ ಯಾರಾದರೂ ಹೊರಗೆ ಉಳಿದಿದ್ದಾರೆಯೇ ಎಂದು ಬಾಗಿಲು ನೋಡಬೇಕಾದ ಕಡೆ ಅವಳು ‘ಒಳಗಿರುವವರು’ ಎಂದು ಬರೆದಿದ್ದಳು! ಹೊರಗೆ ಉಳಿದವರನ್ನು ಬಾಗಿಲು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಕೂಡಲೇ ತಿದ್ದಿದಳು.

ಉಬ್ಬರ ಏರಿತು. ನೀರು ಹೊಸ್ತಿಲು ದಾಟಿದರೂ ಬಾಗಿಲು ತೆರೆದೇ ಇತ್ತು. ಬಲೆ ಒಣಹಾಕಲು ಹೋಗಿದ್ದ ಅವಳ ಮಾವ ಏದುಸಿರು ಬಿಡುತ್ತ ಒಳಬಂದ ಮೇಲಷ್ಟೇ ಅದು ಮುಚ್ಚಿತು.

“ನೀರೆಲ್ಲ ಒಳಗೆ ಬಂತಲ್ಲ, ಬಾಗಿಲು ಯಾಕೆ ಹಾಕಿಲ್ಲ?” ಎಂದು ಮಾವ ಗದರಿದರು.

“ನೀವು ಹೊರಗಿದ್ರಲ್ಲ, ಮಾವ,” ಎಂದಳು ಸೇವಂತಿ.