ಚನ್ನವೀರಪ್ಪನಿಗಿಲ್ಲದ ಜಾಗ

ವಯಸ್ಸಾದವರ ನೆನಪುಗಳನ್ನೆಲ್ಲ ಊರಿನ ಕಂಪ್ಯೂಟರ್ ಡಿಸ್ಕಿನಲ್ಲೇ ಇಡುತ್ತಿದ್ದರು. ಅದರಲ್ಲಿ ಒಬ್ಬೊಬ್ಬರಿಗೂ ಒಂದು ವಾಲ್ಯೂಮ್, ಅಂದರೆ ಅಳೆದು ಕೊಟ್ಟ ಇಷ್ಟು ಜಾಗ. ಅವನ್ನು ಹಿಗ್ಗಿಸುವ, ಕುಗ್ಗಿಸುವ ಕೆಲಸ ನೀಲಗಂಗಾಳದು. ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವನು ಚನ್ನವೀರಪ್ಪ. ತನ್ನ ಅಪ್ಪನ ವಾಲ್ಯೂಮ್ ಹಿಗ್ಗಿಸಲು ಅವನು ನೀಲಗಂಗಾಳ ಅವ್ವನದನ್ನು ಕುಗ್ಗಿಸಿದ್ದ. ಅವ್ವ ಮಗಳನ್ನು ಮರೆತೇ ಸತ್ತಳು.

ಈಗ ಚನ್ನವೀರಪ್ಪನ ವಾಲ್ಯೂಮೇ ತುಂಬಿಹೋಗಿತ್ತು. ಹೊಸದೇನೂ ಅವನಲ್ಲಿ ಉಳಿಯುತ್ತಿರಲಿಲ್ಲ. ಪುಟ್ಟ ಹುಡುಗಿಯೊಬ್ಬಳ ಕೈ ಹಿಡಿದು ಅವನು ನೀಲಗಂಗಾಳ ಕಚೇರಿಯ ಕಿಟಕಿಯ ಹತ್ತಿರ ಬಂದ.

“ತಂಗಿ, ಇವತ್ತು ಮುಂಜಾನೆ ಮೊಮ್ಮಗಳು ಹುಟ್ಯಾಳ. ಅಕಿ ಮುಖ ನೆನಪಿಡಾಕ ಒಂಚೂರು ಜಾಗಾ ಕೊಡವಾ.”

“ಜಾಗಾ ಐತ್ರಿ,” ಎಂದಳು ನೀಲಗಂಗಾ. “ನಿಮಗ ಕೊಡಂಗಿಲ್ಲ. ನಮ್ಮವ್ವಗ ನೀವು ಮಾಡಿದ್ದಕ್ಕ.”

ಅವನ ಮುಖ ಬಿಳಿಚಿಕೊಂಡಿತು. ಪ್ರತಿ ವಾರ ಬಂದು ಇದೇ ಮಾತು ಕೇಳಿದಾಗಲೂ ಹಾಗೇ ಬಿಳಿಚಿಕೊಳ್ಳುತ್ತಿತ್ತು. ಹಿಂದಿನ ವಾರದ್ದು ಅವನಿಗೆ ನೆನಪಿರುತ್ತಿರಲಿಲ್ಲ. ಅದನ್ನು ನೋಡಿ ನೋಡಿ ನೀಲಗಂಗಾಳಿಗೆ ಇನ್ನೂ ಸಾಕೆನಿಸಿರಲಿಲ್ಲ.

ಹುಡುಗಿ ಅವನ ಧೋತರ ಜಗ್ಗಿದಳು. “ಅಜ್ಜಾ, ನಿನ್ನ ಮೊಮ್ಮಗಳು ನಾನ. ಈಗ ಸಾಲಿಗೆ ಹೋಗ್ತೇನಿ.”

ಚನ್ನವೀರಪ್ಪ ಅವಳನ್ನು ದಿಟ್ಟಿಸಿ ನೋಡಿ, “ಯಾರ ಮಗಳವಾ ನೀನು?” ಎಂದ.

ಹುಡುಗಿ ಅಳಲಿಲ್ಲ, ಅವಳಿಗದು ರೂಢಿಯಾಗಿತ್ತು. ನೀಲಗಂಗಾ ಅವಳತ್ತ ನೋಡದೆ ಮುಂದಿನವರನ್ನು ಕರೆದಳು.