ಹೆಸರು ಮುಚ್ಚಿದ ಚೀಟಿ

“ಇದು ಬೋನಲ್ರಿ, ಇದು ಕೊಲಿ!”

ಗವಿಸಿದ್ದೇಶ್ ಮೇಜಿಗೆ ಗುದ್ದಿದ ರಭಸಕ್ಕೆ ತಟ್ಟೆಯ ಮಂಡಕ್ಕಿ ಹಾರಿ ಅಧಿಕಾರಿ ಅರ್ಚನಾ ಅವರ ಸೀರೆಯ ಮೇಲೆ ಬಿತ್ತು. ಅವರು ನಕ್ಕು, ಒಂದೊಂದಾಗಿ ಆರಿಸಿಕೊಂಡು ತಿಂದರು. ಅಷ್ಟರ ಮಟ್ಟಿಗೆ ಗವಿಸಿದ್ದೇಶನ ಅದೃಷ್ಟ ಚೆನ್ನಾಗಿತ್ತು.

ಆ ದಿನ ಅವನಿಗೆ ಅದೃಷ್ಟ ಬೇಕೇ ಬೇಕಾಗಿತ್ತು. ಕೂಡ್ಲಿಗಿ ಕಡೆ ಹೊಸ ಮೃಗಾಲಯವೊಂದು ಬರುವುದಿತ್ತು. ಅದರ ಸಲಹಾ ಸಮಿತಿಗೆ ಈ ಭಾಗದಿಂದ ಒಬ್ಬರನ್ನು ಆರಿಸಲು ಅರ್ಚನಾ ಕೊಟ್ಟೂರಿಗೆ ಬಂದಿದ್ದರು. ಗವಿಸಿದ್ದೇಶ್ ಹದಿನೈದು ವರ್ಷ ಕನಸು ಕಂಡದ್ದು ಆ ಒಂದು ಕುರ್ಚಿಯನ್ನು. ಊರಲ್ಲಿ ಅವನಿಗೆ ಬಾಡಿಗೆ ಬರುವ ನಾಲ್ಕು ಕಟ್ಟಡಗಳಿದ್ದವು. ಅವುಗಳ ಯೋಗಕ್ಷೇಮ ಮ್ಯಾನೇಜರನದು. ಪ್ರಾಣಿಗಳ ಯೋಗಕ್ಷೇಮ ಮಾತ್ರ ಅವನದೇ. ಯಾವ ಊರಿನ ಯಾವ ಹುಲಿಗೆ ಹೊಟ್ಟೆ ಕಟ್ಟಿದೆ ಎಂದು ಕೇಳಿದರೂ ಥಟ್ಟನೆ ಹೇಳುವವನು. ಮದುವೆಗೆ ಹೋದರೆ ವಧೂವರರನ್ನು ಬಿಟ್ಟು, ಆ ಕಲ್ಯಾಣಮಂಟಪದಲ್ಲಿ ಎಷ್ಟು ಕರಡಿ ಹಿಡಿಸಬಹುದೆಂದು ಹೆಜ್ಜೆ ಹಾಕಿ ಅಳೆಯುವವನು.

ಅವನ ಅಂಗಡಿಯ ಮಹಡಿಯಲ್ಲಿ ಭಾನುವಾರಕ್ಕೊಮ್ಮೆ ಸೇರುವ ಪ್ರಾಣಿಪ್ರಿಯರ ಬಳಗಕ್ಕೆ ಅವನೇ ಅಧ್ಯಕ್ಷ. ನಿಯಮವೂ ಅವನದೇ. ಸರದಿಯಂತೆ ಒಬ್ಬರು ತಾವು ಕಂಡ ಆವರಣದ ವಿವರವನ್ನು ಚೀಟಿಯಲ್ಲಿ ಬರೆದು ತರಬೇಕು. ಯಾವ ಪ್ರಾಣಿ, ಯಾವ ಊರು ಎಂದು ಬರೆಯುವಂತಿಲ್ಲ.

“ಹುಲಿ ಅಂದ್ರ ಹತ್ತೆಕರೆ ಕೊಡ್ತೀರಿ, ನರಿ ಅಂದ್ರ ಕೋಳಿಗೂಡು,” ಎನ್ನುತ್ತಿದ್ದ ಅವನು. “ಪ್ರಾಣಿ ಮಾರಿ ನೋಡಬ್ಯಾಡ್ರಿ, ಜಾಗದ ಅಳತಿ ನೋಡ್ರಿ.”

ಆ ಜಾಗ ಹೇಗಿರಬೇಕೆಂದು ಅಧ್ಯಕ್ಷ ತೀರ್ಪು ಬರೆದು ರುಜು ಹಾಕಿದ ಮೇಲೆಯೇ ಹೆಸರು ಬಯಲಾಗುವುದು.

ಇಂದಿನ ಚೀಟಿ ನಾಗಲಿಂಗಮ್ಮನವರದು. ಗವಿಸಿದ್ದೇಶನಿಗೆ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಪಕ್ಕದಲ್ಲಿ ಬಸ್ ಡಿಪೋದ ಮೆಕ್ಯಾನಿಕ್ ಹೊನ್ನೂರಸ್ವಾಮಿ, ಮಿರ್ಚಿಬಜ್ಜಿಯೊಳಗಿನ ಮೆಣಸಿನಕಾಯಿ ತೆಗೆದು ಬರೀ ಹಿಟ್ಟಿನ ಸಿಪ್ಪೆಯನ್ನು ಅವರ ತಟ್ಟೆಗಿಡುತ್ತಿದ್ದ. ಅವರ ಹೊಟ್ಟೆಗೆ ಖಾರ ಆಗದು. ಅವರು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ವರ್ಷದಿಂದ ಹಾಗೇ ನಡೆದಿತ್ತು.

ಚೀಟಿಯನ್ನು ಈಗಷ್ಟೇ ಓದಿದ್ದವನೂ ಹೊನ್ನೂರಸ್ವಾಮಿಯೇ. ಅರ್ಚನಾ ಇನ್ನೊಮ್ಮೆ ಓದಿಸಿದರು.

“ಉದ್ದ ಹದಿನಾಲ್ಕು ಅಡಿ, ಅಗಲ ಹನ್ನೆರಡು. ತಗಡಿನ ಮಾಡು. ಸಂಖ್ಯೆ ಹನ್ನೊಂದು, ಎಲ್ಲಾ ಹೆಣ್ಣು, ಎಳೇ ವಯಸ್ಸು. ನೀರು ದಿನ ಬಿಟ್ಟು ದಿನ. ಹಗಲು ಹೊರಗೆ ಬಿಡುವುದುಂಟು. ಸಂಜೆ ಏಳಕ್ಕೆ ಹೊರಗಿನಿಂದ ಬೀಗ. ಇರುವುದೊಂದೇ ಕಿಟಕಿ. ಅದಕ್ಕೂ ಹಲಗೆ ಹೊಡೆದಿದೆ.” ಹೊನ್ನೂರಸ್ವಾಮಿ ತಲೆ ಕೆರೆದುಕೊಂಡ. “ಕರಡಿ ಇರಬೇಕ್ರಿ.”

“ಏ ಹೊನ್ನೂರಾ, ಹನ್ನೊಂದು ಕರಡಿ ಒಂದು ಖೋಲ್ಯಾಗ ಇಟ್ರ ಮುಂಜಾನಿಗೆ ಒಂದೇ ಉಳಿತೈತಿ! ಜಿಂಕಿ ಇವು. ಹೌದಲ್ರಿ ಟೀಚರ್?” ಎಂದ ಗವಿಸಿದ್ದೇಶ್.

“ಮೊದಲ ತೀರ್ಪು, ಆಮ್ಯಾಲ ಹೆಸರು,” ಎಂದರು ನಾಗಲಿಂಗಮ್ಮ. “ನಿಯಮ ನಿಂದ ಐತಲ್ಲ ತಮ್ಮಾ.”

“ಕಿಟಕಿಗೆ ಹಲಗೆ ಯಾಕೆ?” ಅರ್ಚನಾ ಕೇಳಿದರು.

“ಸಂಜಿಮುಂದ ಬೈಕ್ ಮ್ಯಾಲ ಮಂದಿ ಬಂದು ನಿಂತು ನೋಡ್ತಾರ್ರಿ. ಸಿಳ್ಳಿ ಹಾಕ್ತಾರ. ಅದಕ್ಕ ಹಲಿಗಿ ಹೊಡದಾರ,” ಎಂದರು ನಾಗಲಿಂಗಮ್ಮ.

ಗವಿಸಿದ್ದೇಶ್ ಎದ್ದೇ ನಿಂತ. “ಕೀಟಲಿ ಮಾಡೋರು ಹೊರಗಿನ ಮಂದಿ, ಕತ್ತಲಿ ಒಳಗಿನ ಜೀವಕ್ಕ? ಯಾವನ್ರಿ ಅವ ಮಾಲಕ? ಬೇಲಿ ಹಾಕೋದು ಮಂದಿಗೆ, ಗಾಳಿಗಲ್ಲ!”

ಅರ್ಚನಾ ಚಹಾದ ಲೋಟ ಕೆಳಗಿಟ್ಟು ಅವನನ್ನೇ ನೋಡಿದರು. ಅವನು ಅದನ್ನು ಗಮನಿಸಿದ. ದನಿ ಇನ್ನೊಂದು ಮೆಟ್ಟಿಲು ಏರಿತು. “ಅಂಥವನ್ನ ಅದ ಖೋಲ್ಯಾಗ ಒಂದು ರಾತ್ರಿ ಕೂಡಿ ಹಾಕಬೇಕ್ರಿ. ಮುಂಜಾನಿ ಮಂದಿ ಕರಿಸಿ ಟಿಕೇಟಿಟ್ಟು ತೋರಿಸಬೇಕು!”

“ಗಲಾಟೆ ಮಾಡುವುದಿಲ್ಲವೇ, ಇಷ್ಟಾದರೂ?” ಅರ್ಚನಾ ನಾಗಲಿಂಗಮ್ಮನವರ ಕಡೆ ತಿರುಗಿದರು.

“ಬ್ಯಾರೆ ಎಲ್ಲೂ ಜಾಗ ಇಲ್ಲಲ್ರಿ. ಗಲಾಟಿ ಮಾಡಿದ್ರ ಇದೂ ಹೋಗತೈತಿ. ತಗಡು ಕಾದಾಗ ಬಾಗಿಲ ಸಂದಿಗೆ ಪಾಳಿ ಮ್ಯಾಲ ಮೂಗು ಹಚ್ಚಿ ಕುಂದ್ರೋದು. ಮೈಯಾಗ ಹುಷಾರಿಲ್ಲದ್ದಕ್ಕ ಮೊದಲ ಪಾಳಿ.”

“ಪಾಳಿ ಹಚ್ಚತಾವ! ನೋಡ್ರಿ ಮೇಡಂ, ಬಸ್ ಸ್ಟ್ಯಾಂಡಿನಾಗ ನಮ್ಮ ಮಂದಿಗೆ ಐತೇನು ಈ ಬುದ್ಧಿ?” ಎಂದ ಗವಿಸಿದ್ದೇಶನ ಕಣ್ಣುಗಳು ಒದ್ದೆಯಾದವು. ನಾಟಕವಲ್ಲ. ಬೇಸಗೆ ಬಂದರೆ ಗುಬ್ಬಿಗಳಿಗೆಂದು ಮಹಡಿಯ ತುಂಬ ನೀರಿನ ಬಟ್ಟಲಿಡುವ ಮನುಷ್ಯ ಅವನು.

ಬಳಗದ ಕಾಗದ ತೆಗೆದು ಬರೆಯತೊಡಗಿದ. ಕೋಣೆಗೆ ನಾಲ್ಕಕ್ಕಿಂತ ಹೆಚ್ಚು ಕೂಡದು. ಎರಡೂ ಕಡೆ ಕಿಟಕಿ. ದಿನವೂ ನೀರು. ತಗಡು ತೆಗೆದು ತಾರಸಿ. ಕೀಟಲೆ ಮಾಡುವವರನ್ನು ತಡೆಯಲು ಹೊರಗೆ ಕಾವಲುಗಾರ. ಎಲ್ಲವೂ ಮಾಲೀಕನ ಸ್ವಂತ ಖರ್ಚಿನಲ್ಲಿ, ತಿಂಗಳೊಳಗೆ. ತಪ್ಪಿದರೆ ಅವನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಬಸ್ ನಿಲ್ದಾಣದಲ್ಲಿ ತೂಗು ಹಾಕತಕ್ಕದ್ದು.

“ಫೋಟೋನೂ ಇರಲ್ರಿ,” ಎಂದ ಹೊನ್ನೂರಸ್ವಾಮಿ.

“ಬರಿ, ಫೋಟೋನೂ ಇರ್ಲಿ!” ಎಂದು ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡು ಬರೆದ. ರುಜು ಹಾಕಿದ. ಅಧ್ಯಕ್ಷರ ಮೊಹರನ್ನು ಎರಡು ಸಲ ಒತ್ತಿದ.

ಅರ್ಚನಾ ಕಾಗದ ಓದಿ, ಮಡಚಿ, ತಮ್ಮ ಚೀಲಕ್ಕೆ ಹಾಕಿಕೊಂಡರು. “ಇದನ್ನು ನಾನೇ ನಿಂತು ಮಾಡಿಸುತ್ತೇನೆ. ಕೊನೆಯ ಕಿಟಕಿ ಕೂರಿಸಿದ ದಿನವೇ ಸಮಿತಿಗೆ ನಿಮ್ಮ ಹೆಸರು ಹೋಗುತ್ತದೆ, ಗವಿಸಿದ್ದೇಶ್.”

ಹೊನ್ನೂರಸ್ವಾಮಿ ಚಪ್ಪಾಳೆ ತಟ್ಟಿದ. ಗವಿಸಿದ್ದೇಶ್ ಕುರ್ಚಿಗೆ ಒರಗಿ, ಆಗಲೇ ಸಮಿತಿಯಲ್ಲಿ ಕೂತವನಂತೆ ಕಾಲ ಮೇಲೆ ಕಾಲು ಹಾಕಿದ.

“ಈಗ ಹೇಳ್ರಿ ಟೀಚರ್. ಜಿಂಕಿನೋ, ಕೃಷ್ಣಮೃಗಾನೋ? ಯಾವ ಊರಾಗ ಅದಾನ ಆ ಪುಣ್ಯಾತ್ಮ?”

“ಇಟ್ಟಿಗಿ, ಹಿರೇಹಡಗಲಿ ಕಡಿ ಹಳ್ಳಿಗಳಿಂದ ಕಾಲೇಜಿಗೆ ಬಂದ ಹುಡಿಗ್ಯಾರು ತಮ್ಮಾ,” ಎಂದರು ನಾಗಲಿಂಗಮ್ಮ. “ನಿನ್ನ ಲೇಡೀಸ್ ಹಾಸ್ಟೆಲ್ಲಿನ ಮ್ಯಾಗಿನ ಖೋಲಿ.”